ನಾನು ಮುಚ್ಚಿದ ಕಚ್ಚು

ಹೋದ ತಿಂಗಳು ನಾನು ಹಾಕಿದ್ದ ಜೋಡಿ ಫೋಟೋ ನಿಮ್ಮಲ್ಲಿ ತುಂಬ ಜನಕ್ಕೆ ಹಿಡಿಸಿತ್ತು. ಎಡಗಡೆ ಇಲಿ ಕಡಿದಂತಿದ್ದ ಹಳೇ ಎರಕದ ತುಂಡು, ಬಲಗಡೆ ಅದೇ ತುಂಡು, ಹೊಸ ಸ್ಕೂಟರಿನ ಹಾಗೆ ಮಿರಿಮಿರಿ. "ಅಕ್ಕ, ನಿಮ್ಮ ಕೈಗೆ ಕಡಗ ತೊಡಿಸ್ಬೇಕು" ಎಂದು ಒಬ್ಬರು ಬರೆದಿದ್ದರು. ಆ ಫೋಟೋ ಈಗ ಇಲ್ಲ. ನಾನೇ ಅಳಿಸಿದೆ. ಎಲ್ಲಿ ಹೋಯಿತು ಎಂದು ಇನ್ನೂ ಕೇಳುತ್ತಲೇ ಇದ್ದೀರಿ. ಒಬ್ಬೊಬ್ಬರಿಗೇ ಉತ್ತರ ಬರೆಯುವ ತಾಳ್ಮೆ ನನಗಿಲ್ಲ, ಒಂದೇ ಸಲ ಹೇಳಿ ಮುಗಿಸುತ್ತೇನೆ. ಉದ್ದ ಇದೆ. ಕಾಫಿ ಇಟ್ಟುಕೊಂಡು ಕೂತರೆ ಒಳ್ಳೆಯದು.

ಕೊಚ್ಚಿಯ ಪಾಲಾರಿವಟ್ಟದ ನಮ್ಮ ಫ್ಲ್ಯಾಟಿನ ಊಟದ ಮೇಜೇ ನನ್ನ ವರ್ಕ್‌ಶಾಪ್. ಕಾಲೇಜುಗಳ ಮೈಕ್ರೋಸ್ಕೋಪುಗಳನ್ನು ಬಿಚ್ಚಿ, ತೊಳೆದು, ಜೋಡಿಸಿ ಕೊಡುವುದು ನನ್ನ ಕೆಲಸ. ಟೆಲಿಸ್ಕೋಪಿನ ಮೌಂಟು ಮುಟ್ಟಿದ್ದು ಇದೇ ಮೊದಲು. ಮೌಂಟು ಎಂದರೆ ಕೊಳವೆ ಅಲ್ಲ, ಆ ಕೊಳವೆಯನ್ನು ಹೊತ್ತು ಆಕಾಶದ ಜೊತೆ ನಿಧಾನವಾಗಿ ತಿರುಗುವ ಲೋಹದ ಕತ್ತು. ಅದು ನೆಟ್ಟಗಿಲ್ಲದಿದ್ದರೆ ಎಷ್ಟು ಒಳ್ಳೆಯ ಟೆಲಿಸ್ಕೋಪಾದರೂ ನಕ್ಷತ್ರ ಕಣ್ಣಿಂದ ಜಾರಿ ಹೋಗುತ್ತದೆ.

ತಿರುವನಂತಪುರದಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಬ್ಯಾಂಕಿನಲ್ಲಿ ಕೆಲಸ. ಅಪ್ಪ ಮೈಸೂರು ಕಡೆಯವರು, ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಉಪಕರಣ ಮಾಡುತ್ತಿದ್ದವರು. ಅಮ್ಮ ಅದೇ ಊರಿನ ಮಲಯಾಳಿ.

"ಆಂಟಿ, ನಂಗೆ ಕನ್ನಡ ಎಲ್ಲಾ ತಿಳಿಯತ್ತೆ. ಮಾತಾಡೋಕ್ ಮಾತ್ರ ಸ್ವಲ್ಪ ಪ್ರಶ್ನಂ ಇದೆ," ಎಂದಳು.

"ಪರವಾಗಿಲ್ಲ ಹೇಳಮ್ಮ. ನನ್ನ ಮಗಳೂ ಹಿಂಗೇ, ಕನ್ನಡದಲ್ಲಿ ಬೈದ್ರೆ ಮಲಯಾಳಂನಲ್ಲಿ ವಾಪಸ್ ಬೈತಾಳೆ."

ಅವಳು ನಗಲಿಲ್ಲ. ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ ಹೋಗಿದೆ, ಮಾತು ಹೋಗಿದೆ. ಒಂದೊಂದು ಶಬ್ದ ಮಾತ್ರ ಬಾಯಿಂದ ಬರುತ್ತದೆ. ಅರ್ಥವಿಲ್ಲದ ಶಬ್ದಗಳು ಬರಬಹುದು, ಅದರಲ್ಲಿ ಏನೋ ಇದೆ ಎಂದು ಹುಡುಕುತ್ತ ಕೂತು ನೀವು ಸೋಲಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಮಾತು ಕಲಿಸಲು ಬರುವವರು ಮಾತ್ರ, ಇಷ್ಟವಿದ್ದ ಸಾಮಾನು ಯಾವುದಾದರೂ ಇದ್ದರೆ ಕೈಗೆ ಕೊಟ್ಟು ನೋಡಿ ಎಂದಿದ್ದಾರೆ. ಇಷ್ಟವಿದ್ದದ್ದು ಈ ಮೌಂಟು. ಅದೋ, ಹಿಡಿದು ಕೂತಿದೆ, ಅಲ್ಲಾಡುವುದಿಲ್ಲ.

"ಎಡಗೈಯಲ್ಲಿ ಆ ನಾಬ್ ತಿರುಗಿಸ್ಬಹುದು ಅಲ್ವಾ ಆಂಟಿ? ನಂಗೆ ಅಷ್ಟು ಸಾಕು. ಅಪ್ಪನ ಒಳಗೆ ಅಪ್ಪ ಇದ್ದಾರಾ ಅಂತ ಒಂದ್ಸಲ ಗೊತ್ತಾಗ್ಬೇಕು."

ಇಂಥ ಮಾತು ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ.

ನಾನೇ ರೈಲು ಹತ್ತಿ ಹೋಗಿ ತಂದೆ. ಆ ದಿನ ಮಗಳು ಬ್ಯಾಂಕಿನಲ್ಲಿದ್ದಳು. ಹಿರಿಯರು ಕಿಟಕಿ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಒಂದು ಖಾಲಿ ಬಟ್ಟೆ ಚೀಲ. ಅವರ ಹೆಂಡತಿ ಮೌಂಟಿನ ಬಿಡಿಭಾಗಗಳನ್ನು ಗೋಣಿಯಲ್ಲಿ ಕಟ್ಟಿ ಇಟ್ಟಿದ್ದರು.

"ಈ ಚೀಲ ಯಾಕೆ ಚೇಚಿ?" ಎಂದೆ, ನನ್ನ ಹರಕು ಮಲಯಾಳಂನಲ್ಲಿ. ಚೇಚಿ ಎಂದರೆ ಅಕ್ಕ.

"ಅದೊಂದು ಕಥೆ. ದಿನಾ ಸಂಜಿ, ಸಂಜಿ ಅಂತಾರೆ. ಕೊಟ್ರೆ ಕೆಳಗೆ ಎಸೀತಾರೆ. ಮತ್ತೆ ಸಂಜಿ ಅಂತಾರೆ. ಮೊದಲು ವಾರ ವಾರ ಚಾಲೈ ಮಾರ್ಕೆಟ್ಟಿಗೆ ಹೋಗೋರು, ಸ್ಕ್ರೂ, ಹಿತ್ತಾಳೆ ತುಂಡು ತರೋಕೆ. ಮನಸ್ಸು ಅಲ್ಲೇ ಇದೆ, ಪಾವಂ."

ಸಂಜಿ ಎಂದರೆ ಮಲಯಾಳಂನಲ್ಲಿ ಚೀಲ. ನಮ್ಮ ಎಲೆಯಡಿಕೆ ಸಂಚಿಯ ಅಕ್ಕನೋ ತಂಗಿಯೋ ಇರಬೇಕು. ನಾನು ಅವರ ಮುಂದೆ ಬಗ್ಗಿ, "ನಮಸ್ಕಾರ ಸರ್, ನಾನೂ ಮೈಸೂರ್ ಕಡೆಯೋಳೇ" ಎಂದೆ. ಕತ್ತು ತಿರುಗಿಸಿದರು. ತುಟಿ ಅಲ್ಲಾಡಿತು, ಸ್ವರ ಬರಲಿಲ್ಲ. ರೈಲಿನ ಹೊತ್ತಾಗಿತ್ತು, ಗೋಣಿ ಹೊತ್ತು ಹೊರಟೆ.

ಮನೆಯಲ್ಲಿ ಬಿಚ್ಚಲು ಶುರು ಮಾಡಿದ ಮೇಲೆ ಗೊತ್ತಾಯಿತು, ಇದು ಮೈಕ್ರೋಸ್ಕೋಪಿನ ದೊಡ್ಡಣ್ಣ ಅಲ್ಲ, ಬೇರೆಯೇ ಜಾತಿ. ಸಮುದ್ರದ ಗಾಳಿಗೆ ಅಲ್ಯೂಮಿನಿಯಂ ಬೆಳ್ಳಗೆ ಹಿಟ್ಟು ಹಿಟ್ಟಾಗಿ ಕೂತಿತ್ತು. ಸ್ಕ್ರೂಗಳೆಲ್ಲ ಇಂಚಿನ ಲೆಕ್ಕದವು, ನನ್ನ ಹತ್ತಿರ ಇದ್ದ ಅಲೆನ್ ಕೀಗಳೆಲ್ಲ ಮಿಲಿಮೀಟರಿನವು. ಒಂದನ್ನು ಬಲವಂತವಾಗಿ ತಿರುಗಿಸಲು ಹೋಗಿ ತಲೆ ಸವೆಸಿದೆ, ಅದನ್ನು ಕೊರೆದು ತೆಗೆಯಬೇಕಾಯಿತು. ಒಳಗಿನ ಗ್ರೀಸು ಹಲಸಿನ ಅಂಟಿನ ಹಾಗೆ ಆಗಿತ್ತು, ಬಿಸಿಗಾಳಿ ಕೊಟ್ಟು, ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿದೆ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡುವುದು ನನ್ನ ಪದ್ಧತಿ. ಮನೆಯಲ್ಲಿ ಬಹಳ ದಿನ ಇಡ್ಲಿ ಇಲ್ಲ.

"ಇವತ್ತೂ ದೋಸೆನಾ?" ಎಂದರು ನಮ್ಮ ಮನೆಯವರು.

"ಇಡ್ಲಿ ಬೇಕಾದ್ರೆ ಕೊಡ್ತೀನಿ. ಒಳಗೆ ವಾಶರ್ ಸಿಕ್ಕಿದ್ರೆ ಉಗೀರಿ."

ಒಳಗಿನ ಕೆಲಸ ನೋಡಿ ನಾನು ಮೆಚ್ಚಿದೆ. ಹಿತ್ತಾಳೆಯ ದೊಡ್ಡ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡು ತಿರುಗುವ ಸುರುಳಿ ಕಡ್ಡಿ, ಅದಕ್ಕೆ ವರ್ಮ್ ಎನ್ನುತ್ತಾರೆ. ಎರಡರ ನಡುವೆ ಕೂದಲಿನಷ್ಟು ಜಾಗ. ಹಿರಿಯರು ಅಲ್ಲಲ್ಲಿ ತೆಳ್ಳಗೆ ಹಿತ್ತಾಳೆ ತಗಡಿನ ಪಟ್ಟಿ ಕೊಟ್ಟು ಸರಿಮಾಡಿದ್ದರು. ಅಷ್ಟು ನಾಜೂಕಿನ ಕೈ. ಆದರೆ ಕೆಳಗಿನ ಎರಕದಲ್ಲಿ, ಇಡೀ ತಲೆ ವಾಲುವ ಕೀಲಿನ ಹತ್ತಿರ, ಒಂದು ಕಚ್ಚು. ಒರಟು, ಸೊಟ್ಟ, ಒಂದು ಬದಿಗೆ ಸರಿದದ್ದು. ಇಷ್ಟು ಚೆಂದದ ಸಾಮಾನಿನ ಮುಖದ ಮೇಲೆ ಹಳೇ ಗಾಯದ ಹಾಗೆ. ಯಾವಾಗಲೋ ಬಿದ್ದು ಒಡೆದದ್ದು, ಆಮೇಲೆ ಬೋಲ್ಟು ತಿಕ್ಕಿ ತಿಕ್ಕಿ ತಿಂದದ್ದು ಎಂದು ತೀರ್ಮಾನ ಮಾಡಿದೆ.

ಗಾಯ ಕಂಡರೆ ಮುಚ್ಚುವ ಬುದ್ಧಿ ನನ್ನದು. ಕಲಸಿ ಹಚ್ಚುವ ಲೋಹದ ಪುಟ್ಟಿ ತುಂಬಿದೆ. ಒಣಗಿಸಿ, ಮರಳುಕಾಗದದಲ್ಲಿ ತಿಕ್ಕಿ, ಪ್ರೈಮರು ಹೊಡೆದು, ಹಳೇ ಬಣ್ಣಕ್ಕೆ ಹೊಂದುವ ಹಸಿರು ಸಿಗುವವರೆಗೂ ಅಂಗಡಿ ಅಂಗಡಿ ಅಲೆದು ಬಳಿದೆ. ಕಚ್ಚು ಎಲ್ಲಿತ್ತು ಎಂದು ನನಗೇ ಗೊತ್ತಾಗದ ಹಾಗೆ. ಫೋಟೋ ತೆಗೆದೆ, ನಿಮಗೆ ತೋರಿಸಿದೆ.

ನಿಮಗೆ ಮಾತ್ರ ಅಲ್ಲ. ಆ ಹುಡುಗಿ ಅದನ್ನು ಅಪ್ಪನಿಗೂ ತೋರಿಸಿದಳು.

ಮಾರನೇ ದಿನ ಅವಳ ಫೋನು. "ಆಂಟಿ, ಫೋಟೋ ನೋಡಿದ್ಮೇಲೆ ಅಪ್ಪನಿಗೆ ಏನೋ ಆಗಿದೆ. ನನ್ನ ಫೋನ್ ಮೇಲೆ ಹೊಡೀತಾರೆ. ಬೆರಳಿಟ್ಟು ತೋರಿಸ್ತಾರೆ. ಫುಲ್ ಟೈಮ್ ಅರ್ಧ, ಅರ್ಧ ಅಂತಾನೇ ಹೇಳ್ತಾರೆ."

"ಅರ್ಧ ಅಂದ್ರೆ ಏನಮ್ಮ? ಕೆಲಸ ಅರ್ಧ ಆಗಿದೆ ಅಂತಾನಾ?"

"ಅರಿಯಿಲ್ಲ ಆಂಟಿ. ಡಾಕ್ಟರ್ ಹೇಳಿದ್ರಲ್ಲ, ಮೀನಿಂಗ್ ನೋಡ್ಬೇಡಿ ಅಂತ. ಅಮ್ಮ ಅಳ್ತಾ ಇದ್ದಾರೆ."

ಆ 'ಅರ್ಧ' ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಜೋಡಣೆ ಮುಗಿದ ಮೇಲೆ ಮೌಂಟನ್ನು ಟೆರೇಸಿಗೆ ಹೊತ್ತೆ. ಎಲ್ಲ ಬೆಣ್ಣೆಯ ಹಾಗೆ ತಿರುಗಿತು. ಇನ್ನು ವಾಲಿಸಿ ನೋಡುವುದೊಂದೇ ಬಾಕಿ. ಈ ಮೌಂಟಿನ ಮುಖ್ಯ ಕಡ್ಡಿ ಆಕಾಶದ ಉತ್ತರ ಧ್ರುವವನ್ನು ನೋಡುತ್ತಿರಬೇಕು. ಊರು ಭೂಮಧ್ಯ ರೇಖೆಗೆ ಹತ್ತಿರವಾದಷ್ಟೂ ಆ ಕಡ್ಡಿ ಮಲಗಬೇಕು. ಕೊಚ್ಚಿಯಲ್ಲಿ ಹತ್ತು ಡಿಗ್ರಿ, ತಿರುವನಂತಪುರದಲ್ಲಿ ಎಂಟೂವರೆ. ಹೆಚ್ಚುಕಮ್ಮಿ ಅಡ್ಡಬಿದ್ದ ಹಾಗೆಯೇ. ಇದು ಚಳಿ ದೇಶದಲ್ಲಿ, ಅಲ್ಲಿನ ಆಕಾಶಕ್ಕೆಂದು ಮಾಡಿದ ಸಾಮಾನು. ವಾಲಿಸುತ್ತಾ ಬಂದೆ, ಹದಿನೈದರ ಹತ್ತಿರ ಟಕ್ ಎಂದು ನಿಂತುಬಿಟ್ಟಿತು. ಬೋಲ್ಟು ಎರಕಕ್ಕೆ ತಾಗಿತು.

ನೀವು ಈಗಾಗಲೇ ಹಿಡಿದಿರಬಹುದು. ನನಗೆ ಹೊಳೆಯಲಿಲ್ಲ. ಕಚ್ಚನ್ನು ಗಾಯ ಎಂದು ಒಮ್ಮೆ ತೀರ್ಮಾನ ಮಾಡಿದ ಮೇಲೆ ಅದನ್ನು ಮರೆತೇಬಿಟ್ಟಿದ್ದೆ. ಸಾಲದ್ದಕ್ಕೆ ಕೈಯಲ್ಲಿ ಒಂದು ಸುಳಿವು ಬೇರೆ ಇತ್ತು. ಹದಿನೈದಕ್ಕೆ ನಿಲ್ಲುತ್ತದೆ, ಬೇಕಾದದ್ದು ಎಂಟೂವರೆ. ಅರ್ಧ. ಅರ್ಧದಷ್ಟು ಮೌಂಟು ತಾನೇ ವಾಲುತ್ತದೆ, ಇನ್ನರ್ಧಕ್ಕೆ ಅಡಿಯಲ್ಲಿ ಏನೋ ಕೊಡುತ್ತಿದ್ದರು, ಆ ತುಂಡು ಕಳೆದುಹೋಗಿದೆ, ಅದನ್ನೇ ಪಾಪ ಹೇಳುತ್ತಿದ್ದಾರೆ. ಇದು ಹೊಳೆದಾಗ ನನಗೆ ಎಷ್ಟು ಖುಷಿಯಾಯಿತು ಎಂದರೆ ಹುಡುಗಿಗೆ ಫೋನು ಮಾಡಿ, "ನಿಮ್ಮಪ್ಪ ಸರಿಯಾಗೇ ಹೇಳ್ತಿದಾರೆ ಕಣೇ" ಎಂದುಬಿಟ್ಟೆ. ಅವಳು ಫೋನಿನಲ್ಲೇ ಅತ್ತಳು.

ಫೋರ್ಟ್ ಕೊಚ್ಚಿಯಲ್ಲಿ ಹಳೇ ಮನೆ ಕೆಡವಿದ ಮರ ಮಾರುವ ಕಡೆ ಹೋಗಿ ಒಂದು ತೇಗದ ತುಂಡು ಆರಿಸಿ, ಬೆಣೆಯ ಹಾಗೆ ಓರೆ ಕೊಯ್ಯಿಸಿ ತಂದೆ. ಅದರ ಮೇಲೆ ಮೌಂಟು ಕೂರಿಸಿದೆ. ಟೆಲಿಸ್ಕೋಪಿನ ಬದಲಿಗೆ ಅಕ್ಕಿ ಚೀಲ ಕಟ್ಟಿ, ಇನ್ನೊಂದು ತುದಿಗೆ ಎದುರು ತೂಕದ ಗುಂಡು ಹಾಕಿದೆ. ಹೊತ್ತು ಮುಳುಗುತ್ತಿತ್ತು. ಮೆಟ್ರೋ ಕಂಬಗಳ ಆಚೆ ಶುಕ್ರ ಕಂಡಿತು. ನಾಬು ತಿರುಗಿಸಿದೆ. ಭಾರ ಒಂದು ಬದಿಗೆ ಬಂತು, ಬೆಣೆ ಜಾರಿತು, ಇಡೀ ಮೌಂಟು ನನ್ನ ಕೈ ಸವರಿಕೊಂಡು ನೆಲಕ್ಕೆ ಹೋಯಿತು.

ಅಕ್ಕಿ ಚೆಲ್ಲಿತು, ಅದು ಹೋಗಲಿ. ವರ್ಮಿನ ಕಡ್ಡಿ ಬಾಗಿತ್ತು.

ಅದನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು, ಉರುಳಿಸಿ ನೋಡಿ, ಒತ್ತಿ, ಮತ್ತೆ ಉರುಳಿಸಿ, ಆದಷ್ಟು ನೆಟ್ಟಗೆ ಮಾಡಿದೆ. ಪೂರ್ತಿ ಆಗಲಿಲ್ಲ. ನಾಬು ತಿರುಗಿಸಿದರೆ ಪ್ರತಿ ಸುತ್ತಿಗೂ ಒಂದು ಕಡೆ ಕೈ ತಡೆಯುತ್ತದೆ. ಎರಡು ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ನನ್ನನ್ನು ಬಲ್ಲವರಿಗೆ ಇದು ಎಂಥ ಕಾಯಿಲೆ ಎಂದು ಗೊತ್ತು.

ಮನೆಯವರು ಸಮಾಧಾನ ಹೇಳಲು ಬಂದರು. "ತಿರುಗತ್ತೆ ತಾನೇ? ಬಣ್ಣ ಹೊಡೆದು ಕಳಿಸ್ಬಿಡು. ಅವರಿಗಂತೂ ಮಾತು ಬರಲ್ಲ. ಇನ್ಯಾರಿಗೆ ಗೊತ್ತಾಗತ್ತೆ."

ಕೆಟ್ಟದ್ದು ಯೋಚಿಸಿ ಹೇಳಿದ ಮಾತಲ್ಲ ಅದು. ಆದರೆ ನನಗೆ ಚುರ್ ಎಂದಿತು. ಇಷ್ಟು ದಿನ ನಾನು ಮಾಡಿದ್ದೂ ಅದೇ. ಆ ಮೌಂಟಿನ ಬಗ್ಗೆ ಗೊತ್ತಿರುವ ಒಬ್ಬರೇ ಒಬ್ಬರು ಬದುಕಿದ್ದಾರೆ, ಅವರು ಏನೋ ಹೇಳುತ್ತಿದ್ದಾರೆ, ನಾನು ಇಲ್ಲಿ ಕೂತು ಅವರ ಒಂದು ಶಬ್ದಕ್ಕೆ ನನಗೆ ಬೇಕಾದ ಅರ್ಥ ಕಟ್ಟುತ್ತಿದ್ದೇನೆ. ಒಮ್ಮೆಯೂ ಅವರ ಬಾಯಿಂದ ಕೇಳಿಲ್ಲ. ಇನ್ನು ಒಂದು ಸ್ಕ್ರೂ ಕೂಡ ಊಹೆಯ ಮೇಲೆ ಮುಟ್ಟುವುದಿಲ್ಲ ಎಂದು ನಿರ್ಧಾರ ಮಾಡಿದೆ. ಮೌಂಟನ್ನು ಹಳೇ ಹೊದಿಕೆಯಲ್ಲಿ ಸುತ್ತಿ, ಸಲಕರಣೆ ಚೀಲ ತಗೊಂಡು ಭಾನುವಾರ ತಿರುವನಂತಪುರದ ರೈಲು ಹತ್ತಿದೆ.

ಬಾಗಿಲಲ್ಲೇ ಹೇಳಿಬಿಟ್ಟೆ. "ಬೀಳಿಸಿದೀನಿ. ಒಂದು ಕಡ್ಡಿ ಬಾಗಿದೆ. ಮುಚ್ಚಿಟ್ಕೊಂಡು ಕೊಡೋಕೆ ಬಂದಿಲ್ಲ."

ಹುಡುಗಿಯ ಮುಖ ಇಳಿಯಿತು. ಅವಳ ಅಮ್ಮ ಮಾತ್ರ, "ಮೊದಲು ಊಟ ಮಾಡಿ," ಎಂದರು. ನಾನು ಬೇಡ ಎಂದು ಮೌಂಟನ್ನು ಹಿರಿಯರ ಮುಂದೆ ಚಿಕ್ಕ ಮೇಜಿನ ಮೇಲೆ ಕೂರಿಸಿದೆ.

ಅವರ ಎಡಗೈ ಬಂತು. ನಾಬಿಗೆ ಹೋಗಲಿಲ್ಲ. ನೇರವಾಗಿ ಕೆಳಗಿನ ಎರಕಕ್ಕೆ ಹೋಯಿತು. ಕಚ್ಚು ಇದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ನುಣ್ಣಗಿತ್ತು. ಮತ್ತೆ ಸವರಿದರು. ಉಗುರಿನಿಂದ ಕೆರೆದರು. ಬಾಯಿ ಒಂದು ಬದಿಗೆ ಎಳೆಯಿತು. ತುಂಬ ಕಷ್ಟಪಟ್ಟು ಹೊರಗೆ ತಂದರು:

"ಅರ."

"ಕೇಳಿದ್ರಾ ಆಂಟಿ, ಇದೇ," ಎಂದಳು ಹುಡುಗಿ. "ಅರ, ಅರ. ಹಾಫ್."

"ಅರ," ಎಂದರು ಹಿರಿಯರು ಮತ್ತೆ, ನನ್ನನ್ನೇ ನೋಡುತ್ತಾ.

ಮಲಯಾಳಂನಲ್ಲಿ ಅರ ಎಂದರೆ ಅರ್ಧ. ನನಗೆ ಅನುಕೂಲವಾಗಲಿ ಎಂದು ಈ ಹುಡುಗಿ ಫೋನಿನಲ್ಲಿ ಅದನ್ನು ಕನ್ನಡ ಮಾಡಿ ಹೇಳಿದ್ದಳು. ಹೇಳಿದವರು ಕನ್ನಡದವರು, ಹೇಳಿದ್ದೂ ಕನ್ನಡವೇ, ಅದನ್ನು ಮತ್ತೆ ಕನ್ನಡ ಮಾಡಲಾಗಿತ್ತು.

ಸಲಕರಣೆ ಚೀಲದಿಂದ ಅರೆದುಂಡಗಿನ ಅರ ತೆಗೆದು ಅವರ ಕಣ್ಣ ಮುಂದೆ ಹಿಡಿದೆ. "ಇದಾ ಸರ್? ಅಲ್ಲಿ ನೀವೇ ಅರ ಹಾಕಿದ್ರಾ? ಬೋಲ್ಟ್ ಇಳೀಲಿ ಅಂತ?"

ಅವರು ಕಣ್ಣು ಮುಚ್ಚಿ ತೆರೆದರು. ಭುಜ ಕೆಳಗಿಳಿಯಿತು. ಬಹಳ ದಿನದಿಂದ ಹೊತ್ತಿದ್ದ ಏನನ್ನೋ ಇಳಿಸಿದ ಹಾಗೆ.

"ಏನು? ಏನಂತಾರೆ?" ಎಂದರು ಹೆಂಡತಿ.

"ಅರ ಅಂದ್ರೆ ಇದು ಚೇಚಿ. ಕಬ್ಬಿಣ ಉಜ್ಜೋದು. ನಮ್ಮ ಕಡೆ ಇದಕ್ಕೆ ಅರ ಅಂತೀವಿ."

ಅವರು ಅರವನ್ನು ನೋಡಿದರು, ಗಂಡನನ್ನು ನೋಡಿದರು. "ಅರಂ," ಎಂದರು ಮೆಲ್ಲಗೆ. "ನಾವು ಅರಂ ಅಂತೀವಿ. ಅದೇ ಸಾಮಾನು." ಕೊನೆಯಲ್ಲಿ ಒಂದು ಸೊನ್ನೆ. ಅವರ ಲಿಪಿಯಲ್ಲೂ ನಮ್ಮ ಲಿಪಿಯಲ್ಲೂ ಅದೇ ಪುಟ್ಟ ಸೊನ್ನೆ. ಅಷ್ಟೇ ಬಿದ್ದುಹೋಗಿದ್ದದ್ದು.

"ಇಷ್ಟು ವರ್ಷ ನನ್ನ ಜೊತೆ ಮಲಯಾಳಂನಲ್ಲೇ ಮಾತಾಡಿದ್ದು ಇವರು," ಎಂದರು. "ಜಗಳ ಕೂಡ ಮಲಯಾಳಂನಲ್ಲೇ."

ಸ್ಟ್ರೋಕ್ ಹೊಡೆದಾಗ ಅವರ ಮಲಯಾಳಂ ಹೋಗಿ, ತಳದಲ್ಲಿದ್ದ ಕನ್ನಡದ ಚೂರುಪಾರು ಉಳಿದಿತ್ತು. ಇದು ನನ್ನ ಅಂದಾಜು, ಡಾಕ್ಟರ್ ಹೇಳಿದ್ದಲ್ಲ. ನಾನು ಮಾತಿನ ಮೆಕ್ಯಾನಿಕ್ ಅಲ್ಲ, ಹೆಚ್ಚು ಹೇಳುವುದಿಲ್ಲ.

ಕಾಗದ ಹಾಸಿ, ನನ್ನ ಹಸಿರು ಬಣ್ಣದ ಮೇಲೆ ಅರ ಇಟ್ಟೆ. ಮೊದಲ ಎಳೆತಕ್ಕೇ ಬಣ್ಣ ಸಿಪ್ಪೆ ಎದ್ದಿತು. ಆಮೇಲೆ ಪುಟ್ಟಿ ಬೂದಿಯಾಗಿ ಉದುರಿತು. ನಾನು ನೇರವಾಗಿ ಉಜ್ಜುತ್ತಿದ್ದೆ, ಅವರ ಎಡಗೈ ನನ್ನ ಮಣಿಕಟ್ಟು ಹಿಡಿದು ಒಂದು ಬದಿಗೆ ಓರೆ ಮಾಡಿತು. ಆಗ ಅರ್ಥವಾಯಿತು. ಬೋಲ್ಟು ಬರುವುದೇ ಓರೆಯಾಗಿ, ಕಚ್ಚು ಸೊಟ್ಟ ಇದ್ದದ್ದು ಅದಕ್ಕೇ. ಸಾಕಾದಾಗ ಮಣಿಕಟ್ಟಿನ ಮೇಲೆ ಬೆರಳಿನಿಂದ ಬಡಿದರು. ವಾಲಿಸಿದೆ. ಹದಿನೈದು ದಾಟಿತು, ಹತ್ತು ದಾಟಿತು, ಅವರ ಊರಿನ ಆಕಾಶದ ಹತ್ತಿರ ಬಂದು ನಿಂತಿತು.

ನಾಬು ಅವರ ಕೈಗೆ ಕೊಟ್ಟೆ. ತಿರುಗಿಸಿದರು. ಆ ಬಿಗಿ ಜಾಗ ಬಂದಾಗ ಕೈ ನಿಂತಿತು. ನನ್ನನ್ನು ನೋಡಿದರು. ಕೋಪವೇನೂ ಇರಲಿಲ್ಲ, ಆದರೆ ಗೊತ್ತಾಗಿತ್ತು.

"ಅದು ನಾನು ಮಾಡಿದ್ದು ಸರ್," ಎಂದೆ.

ಅದು ಹಾಗೇ ಇದೆ. ಹೊಸ ಕಡ್ಡಿ ಕಡೆಸಬೇಕು, ಇಂಚಿನ ಲೆಕ್ಕದಲ್ಲಿ ಕಡೆದುಕೊಡುವವರು ಇನ್ನೂ ಸಿಕ್ಕಿಲ್ಲ. ಗೊತ್ತಿದ್ದವರು ತಿಳಿಸಿ.

ಆಮೇಲೆ ಚಹಾ ಬಂತು. ಹೊರಗೆ ಬಿಸಿಲು ಇಳಿಯುತ್ತಿತ್ತು. ಹಿರಿಯರು ಕಿಟಕಿ ಕಡೆ ಮುಖ ತಿರುಗಿಸಿ ಏನೋ ಅಂದರು. ಹೆಂಡತಿ ಕೂಡಲೇ ಎದ್ದರು.

"ನೋಡಿ, ಶುರುವಾಯ್ತು. ಇನ್ನು ಕತ್ತಲಾಗೋ ತನಕ ಸಂಜಿ, ಸಂಜಿ." ಬಾಗಿಲ ಹಿಂದಿನ ಮೊಳೆಯಿಂದ ಆ ಬಟ್ಟೆ ಚೀಲ ತೆಗೆದುಕೊಂಡು ಬಂದರು.

ಹುಡುಗಿ ಚಹಾದ ಲೋಟ ಕೆಳಗಿಟ್ಟಳು. "ಅಮ್ಮಾ, ನಿಲ್ಲು," ಎಂದಳು. ಅಪ್ಪನ ಮುಂದೆ ಮಂಡಿಯೂರಿ ಕೂತಳು. ನಾನು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವಳು ಶಬ್ದ ಹುಡುಕಿ ಹುಡುಕಿ, ಅಪ್ಪನ ಹತ್ತಿರ ಕನ್ನಡದಲ್ಲಿ ಕೇಳಿದಳು:

"ಅಪ್ಪಾ. ಸಂಜೆನಾ? ಸಂಜೆ ಆಯ್ತು ಅಂತಾನಾ? ಹೊರಗೆ ಹೋಗ್ಬೇಕಾ?"

ಅವರ ಎಡಗೈ ಅವಳ ತಲೆಯ ಮೇಲೆ ಬಂತು. "ಸಂಜೆ," ಎಂದರು. ಈ ಸಲ ಎಲ್ಲರಿಗೂ ಸರಿಯಾಗಿ ಕೇಳಿಸಿತು.

ಕಾಯಿಲೆಗೆ ಮೊದಲು ದಿನಾ ಹೊತ್ತು ಇಳಿಯುವಾಗ ಮೌಂಟನ್ನು ಅಂಗಳದಲ್ಲಿ ಇಟ್ಟು ಮೊದಲ ನಕ್ಷತ್ರಕ್ಕೆ ಕಾಯುತ್ತಿದ್ದವರು. ದಿನಾ ಹೊತ್ತು ಇಳಿಯುವಾಗ ಕೇಳಿದ್ದಾರೆ. ದಿನಾ ಅವರ ತೊಡೆಯ ಮೇಲೆ ಒಂದು ಖಾಲಿ ಚೀಲ ಇಟ್ಟಿದ್ದಾರೆ.

ಗಾಲಿಕುರ್ಚಿಯನ್ನು ಮೆಟ್ಟಿಲಿಳಿಸಿ ಅಂಗಳಕ್ಕೆ ತಂದೆವು. ಮೌಂಟನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದೆವು, ಮೇಲೆ ಟೆಲಿಸ್ಕೋಪು ಇಲ್ಲದೆ, ಬೋಳಾಗಿ. ತೆಂಗಿನ ಗರಿಗಳ ಮೇಲೆ ಮೋಡ ಮುಚ್ಚಿತ್ತು, ಒಂದು ನಕ್ಷತ್ರವೂ ಬರುವ ಹಾಗಿರಲಿಲ್ಲ. ಹಿರಿಯರು ಮೋಡವನ್ನೇ ನೋಡುತ್ತ ಕೂತರು. ಮಗಳು ಅವರ ಕಾಲ ಹತ್ತಿರ ನೆಲದ ಮೇಲೆ ಕೂತಳು.

ಅವಳ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಚೀಲ ಇನ್ನೂ ಕೈಯಲ್ಲೇ ಇತ್ತು. ಅದನ್ನು ಮಡಿಸಿದರು, ಮತ್ತೆ ಮಡಿಸಿದರು, ಇನ್ನು ಮಡಿಸಲು ಬಾರದಷ್ಟು ಸಣ್ಣದು ಮಾಡಿದರು.

"ಎತ್ರ ಸಂಜೆ, ಮೋಳೇ," ಎಂದರು ಮಗಳಿಗೆ. ಎಷ್ಟು ಸಂಜೆಗಳು, ಮಗಳೇ. ಸಂಜೆ ಎಂಬ ಒಂದು ಶಬ್ದ ಮಾತ್ರ ಗಂಡನ ಭಾಷೆಯದು.